‘ಲೋ’ ಇದ್ದದ್ದು ‘ಲೇ’ ಆಯಿತು

೨೦೨೫ರ ಜೂನ್ ೧೪, ಶನಿವಾರ, ಸಂಜೆ ಐದೂವರೆಗೆ ಇದನ್ನು ಬರೆಯಲು ಕೂತಿದ್ದೇನೆ. ಮೊನ್ನೆ ಗುರುವಾರ ಪಾರಿಶ್ವಾಡದಲ್ಲಿ ನನ್ನ ಸೋದರಮಾವ ತೀರಿಕೊಂಡ. ಸ್ವಂತ ಅಣ್ಣನ ಹೆಣದ ಮುಂದೆ ಅವ್ವ ಅಳಲಿಲ್ಲ. ಅಳಲು ಆಗಲಿಲ್ಲ ಎನ್ನುವುದು ಸರಿ.

ನಮ್ಮ ಕಡೆ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡ್ಯಾಡಿಕೊಂಡು ಅಳುತ್ತಾರೆ. ಸತ್ತವರ ಗುಣ, ಊಟ, ಮಾಡಿದ ಜಗಳ ಎಲ್ಲವೂ ಒಂದು ಧಾಟಿಯಲ್ಲಿ ಬರುತ್ತವೆ. ಮೂರು ವರ್ಷದ ಹಿಂದೆ ಪೀರನವಾಡಿಯ ನಮ್ಮ ಮನೆಯಲ್ಲಿ ಅಪ್ಪ ಹೋದಾಗ ಅವ್ವ ಅತ್ತದ್ದು ಹೀಗೆ: “ಬಾಗಲಾಗ ಚಪ್ಲಿ ಬಿಟ್ಟ ಹೋದೆಲ್ಲೋ, ಮುಳ್ಳ ಚುಚ್ಚಿದ್ರ ಯಾರಿಗಿ ಹೇಳ್ತಿ.” ಅಪ್ಪ ಇರುವಷ್ಟು ದಿನ ಅವನನ್ನು ‘ರೀ’ ಎಂದೇ ಕರೆದವಳು. ‘ಲೋ’ ಎಂದದ್ದು ಅವತ್ತೇ ಮೊದಲು.

ನನ್ನ ಅಣ್ಣ ಮದುವೆಗಳ ಆರ್ಕೆಸ್ಟ್ರಾದಲ್ಲಿ ಹಾಡುವವನು. ಅಪ್ಪನ ವರ್ಷದ ಕಾರ್ಯ ಮುಗಿದ ಮೇಲೆ ಅವ್ವನ ಆ ಸಾಲುಗಳನ್ನು ಬರೀ ಹಾರ್ಮೋನಿಯಂ ಇಟ್ಟುಕೊಂಡು ಹಾಡಿದ. ಯೂಟ್ಯೂಬಿಗೆ ಹಾಕುವ ಮೊದಲು ಅವಳನ್ನು ಕೇಳಿದ. “ನಿಮ್ಮಪ್ಪಂದ ಅದ. ಕೆಡಸಬ್ಯಾಡ,” ಎಂದಳು. ಎಂಟು ತಿಂಗಳಲ್ಲಿ ಅದಕ್ಕೆ ಬಂದ ವ್ಯೂಸ್ ೨೧೨. ಅದರಲ್ಲಿ ನಲವತ್ತು ನನ್ನವು.

ಆಮೇಲೆ ಅಣ್ಣ ಅನಗೋಳದ ಒಂದು ಸಣ್ಣ ಸ್ಟುಡಿಯೋಕ್ಕೆ ಹೋದ. ನಾನೂ ಜೊತೆಗಿದ್ದೆ. ಮಾಲಕ ಹಾಡನ್ನು ಅರ್ಧ ಕೇಳಿ ನಿಲ್ಲಿಸಿದ.

“ಏನಪಾ ಇದು, ಹೆಣಾ ಮುಂದ ಇಟಗೊಂಡ ಹಾಡಿದಂಗ ಐತಿ.”

“ಹೆಣಾ ಮುಂದನ ಹಾಡಿದ್ದರಿ,” ಎಂದ ಅಣ್ಣ.

“ಹಂಗಾರ ಹೆಣಾನ ಕೇಳ್ಲಿ ಬಿಡು. ಖರೇ ಹೇಳ್ತೀನಿ, ಧಾಟಿ ಭಾರಿ ಐತಿ. ಬೀಟ್ ಏರಸು. ‘ಲೋ’ ತಗಿ, ‘ಲೇ’ ಹಾಕು. ಹುಡುಗಿ ಚಪ್ಲಿ ಬಿಟ್ಟ ಓಡಿ ಬರ್ತಾಳ. ಮುಗೀತು.”

“ನಮ್ಮವ್ವ ಕೆಡಸಬ್ಯಾಡ ಅಂದಾಳ್ರಿ.”

“ಒಂದ ಅಕ್ಷರಕ್ಕ ಏನ ಕೆಡತೈತೋ?” ಮಾಲಕ ನನ್ನ ಕಡೆ ತಿರುಗಿದ. “ನೀ ಹೇಳವಾ ತಂಗಿ, ನಿಮ್ಮಣ್ಣ ಸಾಯೂತನಕ ಮಂದಿ ಹಾಡ ಹಾಡಬೇಕೇನು?”

ಅಣ್ಣ ಗಾಜಿನ ಕೋಣೆಯೊಳಗೆ ಹೋದ. ‘ಲೇ’ ಮಾಲಕನದು. “ಮುಳ್ಳ ಚುಚ್ಚಿದ್ರ ಎತಗೊಂಡ ಒಯ್ತೀನಿ” ಎಂಬುದನ್ನು ಮಾತ್ರ ಅಣ್ಣನೇ ಕಟ್ಟಿದ, ಯಾರೂ ಕೇಳದಿದ್ದರೂ, ನಗುತ್ತ.

ಎರಡು ತಿಂಗಳಲ್ಲಿ ಹೊಸ ಹಾಡಿನ ವ್ಯೂಸ್ ಹದಿನಾಲ್ಕು ಲಕ್ಷ ದಾಟಿತು. ಹಳೆಯ ಹಾಡು ಇದ್ದರೆ ಹೊಸದರ ಮಜಾ ಹೋಗುತ್ತದೆ ಎಂದು ಮಾಲಕ ಹೇಳಿದ್ದಕ್ಕೆ ಅಣ್ಣ ಅದನ್ನು ಅಳಿಸಿ ಹಾಕಿದ. ಅವ್ವ ಹೊಸದನ್ನು ಮೊದಲು ಕೇಳಿದ್ದು ನಮ್ಮ ಓಣಿಯಲ್ಲಿ ಹೊರಟ ಮದುವೆ ಮೆರವಣಿಗೆಯಲ್ಲಿ. ಬಾಜು ಮನೆಯಾಕೆ ಕೈ ಹಿಡಿದು ಎಳೆದಳು: “ಬರ್ರಿ ಅಕ್ಕಾರ, ನಿಮ್ಮ ಮಗನ ಹಾಡು, ಎರಡ ಹೆಜ್ಜಿ ಹಾಕ್ರಿ!” ಅವ್ವ ಕೈ ಬಿಡಿಸಿಕೊಂಡು ಒಳಗೆ ಬಂದಳು.

“ಮಂದಿ ಕುಣ್ಯಾಕತ್ತಾರ, ನೀ ಯಾಕ ಮಾರಿ ಉಬ್ಬಿಸಿದಿ?” ಎಂದ ಅಣ್ಣ.

“ಕುಣೀಲಿ. ನನ್ನ ಧಾಟಿ ನನಗ ಕೊಡು.”

“ಧಾಟಿ ಏನ ಬುಟ್ಟ್ಯಾಗಿನ ರೊಟ್ಟಿ ಏನಬೇ, ತಗೊಂಡ್ರ ಖಾಲಿ ಆಗಾಕ?”

ಗುರುವಾರ ಪಾರಿಶ್ವಾಡದಲ್ಲಿ ಮಾವನನ್ನು ಗೋಡೆಗೆ ಆನಿಸಿ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿ, ಮಾಲೆ ಹಾಕಿದ್ದರು. ಅವ್ವ ಹೊಸ್ತಿಲಲ್ಲೇ ಶುರು ಮಾಡಿದಳು: “ನನ್ನ ತವರ ಮುಚಗೊಂಡ ಹೋದೆಲ್ಲೋ...” ಮಾತು ಬೇರೆ, ಧಾಟಿ ಅದೇ. ಅಂಗಳದಲ್ಲಿ ಹೆಣ ಒಯ್ಯುವ ಟ್ರ್ಯಾಕ್ಟರಿಗೆ ಹೂವು ಕಟ್ಟುತ್ತಿದ್ದ ಗಂಡಸರಲ್ಲಿ ಒಬ್ಬ ಬಾಯಲ್ಲೇ ಬೀಟ್ ಬಾರಿಸಿದ. “ಜೋರ ಹಚ್ಚಲೇ, ಹಾಡ ಸುರು ಆತು!” ಎಂದ ಇನ್ನೊಬ್ಬ. ಹೆಣದ ಪಕ್ಕದಲ್ಲಿದ್ದ ಮಾವನ ಸೊಸೆಯಂದಿರು ಬಾಯಿಗೆ ಸೆರಗು ಒತ್ತಿಕೊಂಡರು. ಅವರ ಭುಜ ಅಲುಗುತ್ತಿದ್ದದ್ದು ದುಃಖಕ್ಕಲ್ಲ.

ಅವ್ವ ಬಾಯಿ ಮುಚ್ಚಿದಳು. ಹಿರಿಯಳೊಬ್ಬಳು ಎಲ್ಲರಿಗೂ ಕೇಳುವಂತೆ ಅಂದಳು: “ಒಡಹುಟ್ಟಿದಾಂವ ಹೋಗ್ಯಾನ, ಇಕಿಗಿ ಒಂದ ಹನಿ ಬರವಲ್ದ ನೋಡ್ರಿ.”

ಅಣ್ಣ ಬಗ್ಗಿ ಅವ್ವನ ಕಿವಿಯಲ್ಲಿ ಹೇಳಿದ: “ಬ್ಯಾರೆ ಧಾಟಿ ಹಿಡಿಯಬೇ, ಮಂದಿ ನೋಡಾಕತ್ತಾರ.”

“ನನಗ ಬರೂದು ಅದೊಂದ.”

ಮಣ್ಣು ಕೊಟ್ಟು ತಿರುಗಿ ಬರುವಾಗ ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ ಅಣ್ಣನಿಗೆ ಮಾಲಕನ ಫೋನು ಬಂತು. ಆ ಕಡೆಯ ದನಿ ನನಗೂ ಕೇಳುತ್ತಿತ್ತು. “ಸುದ್ದಿ ತಿಳೀತು, ಬ್ಯಾಸರ ಆತಪಾ. ಅವ್ವಾರು ಹೊಸಾದೇನರ ಹಾಡಿದ್ರೇನು? ಮೊಬೈಲ್‌ದಾಗ ಹಿಡದಿಯಿಲ್ಲೋ?”

“ಇಲ್ರಿ,” ಎಂದ ಅಣ್ಣ, ಅವ್ವನ ಪಕ್ಕದಲ್ಲೇ ನಿಂತು. “ಈ ಸಲ ಏನೂ ಬರ್ಲಿಲ್ಲ.”

ಅವ್ವನಿಗೆ ಇನ್ನೂ ಇಬ್ಬರು ಅಕ್ಕಂದಿರಿದ್ದಾರೆ. ದೊಡ್ಡವಳು ಹಾಸಿಗೆ ಹಿಡಿದಿದ್ದಾಳೆ. ಈ ಸೀಮೆಯಲ್ಲಿ ಬೇರೆ ಧಾಟಿಯಲ್ಲಿ ಅಳುವ ಹೆಂಗಸರು ಯಾರಾದರೂ ಇದ್ದರೆ, ಯಾವ ಊರು, ಯಾವ ಮನೆ ಎಂದು ತಿಳಿದವರು ನನಗೆ ಬರೆಯಿರಿ. ಕಲಿಯಲು ಅವ್ವನನ್ನು ನಾನೇ ಕರೆದುಕೊಂಡು ಬರುತ್ತೇನೆ. ರೆಕಾರ್ಡ್ ಮಾಡಿ ಕಳಿಸಬೇಡಿ. ಮನೆಯಲ್ಲಿ ಅಣ್ಣ ಇದ್ದಾನೆ.