ಗಿರಣಿ ಅಕ್ಕನ ಸರದಿ

ನಮ್ಮ ಬೀದಿಯ ಹಿಟ್ಟಿನ ಗಿರಣಿಯ ಹೊರಗೋಡೆಯಲ್ಲಿ, ಎದೆಯೆತ್ತರಕ್ಕೆ, ಒಂದು ಕಂದು ಕಲೆ ಇದೆ. ಎರಡು ಸಲ ಸುಣ್ಣ ಬಳಿದರೂ ಅದು ಮತ್ತೆ ಮೇಲೆದ್ದು ಬಂದಿತು. ಪತ್ರಿಕೆ ಹಂಚುತ್ತಿದ್ದ ತಾತ ಸತ್ತ ಜಾಗ ಅದು. ಬೆಳಗ್ಗೆ ಏಳು ಗಂಟೆಗೆ ಜಲ್ಲಿ ತುಂಬಿದ ಲಾರಿಯೊಂದು ಅವನನ್ನು ಸೈಕಲ್ಲಿನ ಸಮೇತ ಗೋಡೆಗೆ ಒತ್ತಿಬಿಟ್ಟಿತು. ಚಕ್ರಕ್ಕೆ ಏನೋ ಸಿಕ್ಕಿಕೊಂಡಿದೆಯೆಂದು ಚಾಲಕ ಒಮ್ಮೆ ಹಿಂದಕ್ಕೆ ತೆಗೆದು, ಮತ್ತೆ ಮುಂದಕ್ಕೆ ನುಗ್ಗಿಸಿದ. ಗಿರಣಿಯ ಬಾಗಿಲು ತೆಗೆಯುತ್ತಿದ್ದ ಗಿರಣಿ ಅಕ್ಕ ಅದನ್ನು ಮೂರು ಮಾರು ದೂರದಿಂದ ಕಂಡಳು. ತಾತನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಾಗ, ಅವಳ ಬಟ್ಟೆಗೆ ಮೆತ್ತಿದ್ದ ಹಿಟ್ಟು ರಕ್ತದಲ್ಲಿ ಕಲಸಿ ಮುದ್ದೆಯಾಯಿತು.

ಅವಳು ನನ್ನ ಬಳಿ ಐದನೆಯ ತರಗತಿ ಓದಿದವಳು. ಲೆಕ್ಕದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಗಂಡ ತೀರಿಕೊಂಡ ಮೇಲೆ ಅತ್ತೆಯನ್ನು ಜೊತೆಗಿಟ್ಟುಕೊಂಡು ಗಿರಣಿ ನಡೆಸುತ್ತಿದ್ದಳು. ಯಂತ್ರದ ಸದ್ದಿನಲ್ಲಿ ಕೂಗಿ ಕೂಗಿ ಅವಳ ದನಿ ಎಷ್ಟು ದೊಡ್ಡದಾಗಿತ್ತೆಂದರೆ, ಗುಟ್ಟು ಹೇಳಿದರೂ ನಾಲ್ಕು ಮನೆಗೆ ಕೇಳಿಸುತ್ತಿತ್ತು. ಧಾನ್ಯದ ಡಬ್ಬ ತಂದವರ ಹೆಸರನ್ನು ಬಂದ ಕ್ರಮದಲ್ಲೇ ಒಂದು ಹಾಳೆಯಲ್ಲಿ ಬರೆದು ಬಾಗಿಲ ಪಕ್ಕದ ಮೊಳೆಗೆ ಸಿಕ್ಕಿಸುವಳು. ಸರದಿ ಬಂದಾಗ "ಮೂರನೇ ನಂಬರ್, ಡಬ್ಬ ತನ್ನಿ" ಎಂದು ಕೂಗುವಳು. ಸರದಿ ಮುರಿದು ನುಗ್ಗಿದವರ ಡಬ್ಬ ಕಟ್ಟಕಡೆಗೆ. ಸ್ವಂತ ಅತ್ತಿಗೆಯ ಡಬ್ಬವನ್ನೇ ಹಾಗೆ ಹಿಂದಕ್ಕೆ ತಳ್ಳಿದ್ದಕ್ಕೆ ಆಕೆ ಎರಡು ವರ್ಷ ಮಾತು ಬಿಟ್ಟಿದ್ದಳು. ಗಿರಣಿಯವರ ಮನೆಯ ಧಾನ್ಯ ಮಾತ್ರ ಎಲ್ಲರದೂ ಮುಗಿದ ಮೇಲೆಯೇ. ಅದು ಅವಳ ಮಾವನ ಕಾಲದ ಕಟ್ಟಳೆ.

ತಾತ ಸತ್ತ ಮೂರನೆಯ ದಿನ ಅವಳು ಪುರಸಭೆಗೆ ಹೋದಳು. ಬೀದಿಯ ಎರಡು ತುದಿಗಳಲ್ಲೂ ಕಬ್ಬಿಣದ ಕಂಬ ನೆಟ್ಟು ಲಾರಿಗಳನ್ನು ತಡೆಯಬೇಕು ಎಂಬುದು ಅವಳ ಬೇಡಿಕೆ. ಜಲ್ಲಿ ಯಾರ್ಡಿನ ಲಾರಿಗಳಿಗೆ ನಮ್ಮ ಬೀದಿ ಒಳದಾರಿ. ಸುತ್ತಿ ಹೋದರೆ ಅರ್ಧ ಗಂಟೆ ಹೆಚ್ಚು. ಗುಮಾಸ್ತ ನಿಯಮ ಹೇಳಿದ. ಬೀದಿಯ ನಲವತ್ತು ಮಂದಿಯಾದರೂ ಸಹಿ ಮಾಡಬೇಕು. ಅಹವಾಲು ಸಭೆಯಲ್ಲಿ ಹೆಸರು ಕರೆದಾಗ ನಲವತ್ತು ಮಂದಿ ಎದ್ದು ನಿಂತು ಒಪ್ಪಿಗೆ ಹೇಳಬೇಕು. ಒಬ್ಬರು ಕಡಿಮೆಯಾದರೂ ಅರ್ಜಿ ವಜಾ.

ಡಬ್ಬ ಇಟ್ಟು ಕಾಯುವವರ ಮುಂದೆ ಅವಳು ಅರ್ಜಿ ಹಿಡಿಯತೊಡಗಿದಳು.

"ಸಹಿ ಹಾಕದಿದ್ರೆ ಹಿಟ್ಟು ಕೊಡಲ್ವೇನಕ್ಕ?" ಎಂದು ದರ್ಜಿ ಕೆಣಕಿದ.

"ಕೊಡ್ತೀನಪ್ಪ. ಆದ್ರೆ ನಿಂದು ತರಿತರಿಯಾಗಿ ಬೀಸ್ತೀನಿ."

"ಹಾಗಾದ್ರೆ ಮೊದಲನೇ ನಂಬರ್ ನಂದೇ ಆಗ್ಬೇಕು. ಈ ಕ್ಷೌರದವನ ಕೆಳಗೆ ನಾನು ಸಹಿ ಹಾಕಲ್ಲ."

ಹೀಗೆ ಮೊದಲನೆಯದು ದರ್ಜಿಯದು, ಎರಡನೆಯದು ಕ್ಷೌರಿಕನದು, ಮೂರನೆಯದು ನಿವೃತ್ತ ನರ್ಸಮ್ಮನದು. ಒಂಬತ್ತನೆಯದು ನನ್ನದು. ಒಟ್ಟು ನಲವತ್ತಾರು ಸಹಿಗಳಾದವು. ಕಟ್ಟಳೆಯಂತೆ ಕೊನೆಯದು ಅವಳದು.

ಒಂದು ಪ್ರತಿಯನ್ನು ಕಚೇರಿಗೆ ಕೊಟ್ಟು, ಇನ್ನೊಂದನ್ನು ಅವಳು ಎಂದಿನ ಮೊಳೆಗೇ ಸಿಕ್ಕಿಸಿದಳು.

"ಅದನ್ನ ಒಳಗಿಡೇ, ಯಾರ ಬುದ್ಧಿ ಹೇಗಿರುತ್ತೋ," ಎಂದಳು ಅತ್ತೆ.

"ಕದ್ದು ಹಾಕಿದ ಸಹಿನಾ ಅತ್ತೆ? ನನ್ನ ಕೇಳದೆ ಹೆಸರು ಸೇರಿಸಿದ್ರು ಅಂತ ನಾಳೆ ಯಾರೂ ಅನ್ನಬಾರದು."

ನನಗೂ ಅದು ಸರಿಯೆಂದೇ ತೋರಿತು. ಗಿರಣಿಯ ಲೆಕ್ಕದಲ್ಲಿ ಅದು ಸರಿಯೇ ಆಗಿತ್ತು.

ಸಭೆಗೆ ಇನ್ನು ಹತ್ತು ದಿನವಿರುವಾಗ, ಬೆಳಗ್ಗೆ ಹತ್ತರ ಹೊತ್ತಿಗೆ, ಯಾರ್ಡಿನ ಮೇಸ್ತ್ರಿ ನಾಲ್ವರನ್ನು ಕಟ್ಟಿಕೊಂಡು ಬಂದ. ಎಲ್ಲರ ಕೈಯಲ್ಲೂ ಕಬ್ಬಿಣದ ಸರಳು. ಮೊಳೆಯಿಂದ ಹಾಳೆಯನ್ನು ಕಿತ್ತು ಓದಿದ.

"ಚೆನ್ನಾಗಿ ಬರೆದಿದ್ದೀಯಕ್ಕ, ನಂಬರ್ ಸಮೇತ. ನಮಗೂ ಹುಡುಕೋ ಕಷ್ಟ ತಪ್ಪಿತು."

ಅತ್ತೆ ಸೊಸೆಯರನ್ನು ಒಳಕ್ಕೆ ತಳ್ಳಿ ಗಿರಣಿಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದರು. ಆಮೇಲೆ ಬೀದಿಯಲ್ಲಿ ಗಿರಣಿ ಅಕ್ಕನದೇ ಕೂಗು ಗಂಡು ದನಿಯಲ್ಲಿ ಕೇಳಿಸಿತು: "ಮೊದಲನೇ ನಂಬರ್."

ದರ್ಜಿಯ ಬಲಗೈಯನ್ನು ಹೊಲಿಗೆ ಯಂತ್ರದ ಹಲಗೆಯ ಮೇಲೆ ಒತ್ತಿಹಿಡಿದು ಸರಳಿನಿಂದ ಜಜ್ಜಿದರು. ಮೂರು ಬೆರಳು ಮುರಿದವು. "ಎರಡನೇ ನಂಬರ್." ಕ್ಷೌರಿಕನ ಮುಖವನ್ನು ಅವನದೇ ಕನ್ನಡಿಗೆ ಗುದ್ದಿದರು. ಹಣೆ ಸೀಳಿ, ಕುರ್ಚಿಯ ಬಿಳಿ ಬಟ್ಟೆಯೆಲ್ಲ ಕೆಂಪಾಯಿತು. "ಮೂರನೇ ನಂಬರ್." ನರ್ಸಮ್ಮ ಓಡಲಿಲ್ಲ. ಹೊಸ್ತಿಲಲ್ಲೇ ನಿಂತು ಮೇಸ್ತ್ರಿಯನ್ನು ದಿಟ್ಟಿಸಿದಳು.

"ನಿಮ್ಮಮ್ಮನ ಹೆರಿಗೆ ಮಾಡಿಸಿದವಳು ನಾನು ಕಣೋ. ಕಾಲು ಮುಂದಾಗಿ ಬಂದಿದ್ದೆ ನೀನು."

ಅವನು ಒಂದು ಗಳಿಗೆ ತಡೆದ. ಹಿಂದಿದ್ದವರು ನಕ್ಕರು. ಆ ನಗುವಿಗೇ ಇರಬೇಕು, ಅವಳ ಬಾಯಿಗೆ ಬಲವಾಗಿ ಹೊಡೆದ. ಎರಡು ಹಲ್ಲು ಮೆಟ್ಟಿಲ ಮೇಲೆ ಬಿದ್ದವು. ನಾಲ್ಕನೆಯ ಹೆಸರು ಹಾಲಿನ ಅಂಗಡಿಯವನದು. ಅವನ ಮೊಣಕಾಲ ಚಿಪ್ಪು ಒಡೆದ ಸದ್ದು ನನ್ನ ಮನೆಯವರೆಗೂ ಬಂದಿತು. ನಾನು ಅಗುಳಿ ಹಾಕಿಕೊಂಡು ಕಿಟಕಿಯ ಸಂದಿಯಿಂದ ನೋಡುತ್ತಿದ್ದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು.

"ಐದನೇ ನಂಬರ್." ಅದು ಚಪ್ಪಲಿ ಹೊಲಿಯುವ ಮುದುಕ. ಬೀದಿ ಬದಿಯಲ್ಲಿ ಕುಳಿತೇ ಇದ್ದ. ಎದ್ದು ಓಡುವ ಕಾಲು ಅವನಿಗಿರಲಿಲ್ಲ. ಅಷ್ಟರಲ್ಲಿ ಗಿರಣಿ ಅಕ್ಕ ಬೀಸುಕಲ್ಲು ಎತ್ತುವ ಹಾರೆಯಿಂದ ಬಾಗಿಲ ತಿರುಗಣೆಯನ್ನೇ ಕಿತ್ತು ಹೊರಬಂದಿದ್ದಳು. ಮುದುಕನಿಗೂ ಮೇಸ್ತ್ರಿಗೂ ನಡುವೆ ಬಂದು ನಿಂತಳು.

"ನಲವತ್ತಾರನೇ ನಂಬರ್ ನಾನು. ಇವತ್ತು ಸರದಿ ಮುರೀತೀನಿ. ನಂದು ಮೊದಲು ಮುಗಿಸು."

"ಸರದಿ ಮುರಿದವರದು ಕೊನೆಗೆ ಅಲ್ವೇನಕ್ಕ?" ಎಂದು ಮೇಸ್ತ್ರಿ ನಕ್ಕ.

ಅವಳು ಹಾರೆ ಬೀಸಿದಳು. ಅವನ ಮಣಿಕಟ್ಟು ಹಸಿ ಕಟ್ಟಿಗೆಯಂತೆ ಬಾಗಿ, ಸರಳು ನೆಲಕ್ಕೆ ಬಿದ್ದಿತು. ಎರಡನೆಯ ಏಟಿಗೆ ಅವಳಿಗೆ ಅವಕಾಶ ಸಿಗಲಿಲ್ಲ. ನಾಲ್ವರೂ ಒಟ್ಟಿಗೆ ಮೇಲೆ ಬಿದ್ದರು. ಬಿದ್ದವಳ ಪಕ್ಕೆಗೆ ಒದ್ದರು. ಮೇಸ್ತ್ರಿ ಕಿವಿಯ ಮೇಲೆಯೇ ಹಿಮ್ಮಡಿಯಿಂದ ತುಳಿದ, ಒಮ್ಮೆಯಲ್ಲ, ನಾಲ್ಕೈದು ಸಲ. ಚಪ್ಪಲಿ ಹೊಲಿಯುವ ಮುದುಕ ಕುಳಿತಲ್ಲಿಂದಲೇ ತನ್ನ ದಬ್ಬಳವನ್ನು ಒಬ್ಬನ ತೊಡೆಗೆ ಹಿಡಿಯವರೆಗೂ ಚುಚ್ಚಿದ. ಅವನ ಚೀರಾಟಕ್ಕೆ ಬೀದಿಗೇ ಎಚ್ಚರವಾದಂತಾಯಿತು. ಒಂದೊಂದೇ ಬಾಗಿಲು ತೆರೆಯಿತು. ಸೌದೆ, ಸುತ್ತಿಗೆ, ಕುರ್ಚಿಯ ಕಾಲು, ಕೈಗೆ ಸಿಕ್ಕಿದ್ದನ್ನು ಹಿಡಿದು ಜನ ಬಂದರು. ನನ್ನ ಬಾಗಿಲೂ ಆಗ ತೆರೆಯಿತು. ಐವರೂ ಕುಂಟುತ್ತ, ಕೈ ಹಿಡಿದುಕೊಳ್ಳುತ್ತ ಓಡಿಹೋದರು. ಆರನೆಯ ಹೆಸರನ್ನು ಯಾರೂ ಕೂಗಲಿಲ್ಲ.

ಅವಳ ಮೂರು ಪಕ್ಕೆಲುಬು ಮುರಿದಿದ್ದವು. ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಗೆ ಹತ್ತಿರ ಬಾಗಿ ಹೇಳಿದರೆ ಮಾತ್ರ ಕೇಳುತ್ತಿತ್ತು. ಎದ್ದು ಕೂರುವಂತಾದ ದಿನ ಆಸ್ಪತ್ರೆಯಲ್ಲೇ ದರ್ಜಿಯ ಮಂಚದ ಬಳಿಗೆ ಹೋದಳು.

"ಪಟ್ಟಿ ನೇತುಹಾಕಿ ನಿಮಗೆಲ್ಲ ಹೊಡೆಸಿದವಳು ನಾನೇ."

"ಮೊದಲನೇ ನಂಬರ್ ಬೇಕು ಅಂತ ಹಟ ಹಿಡಿದವನು ನಾನಲ್ವೇನಕ್ಕ?" ಎಂದು ದರ್ಜಿ ಅವಳ ಬಲಗಿವಿಗೆ ಬಾಗಿದ. "ಎರಡನೇದು ತಗೊಂಡಿದ್ರೆ ಬರೀ ಹಣೆ ಹೋಗ್ತಿತ್ತು."

ಪಕ್ಕದ ಮಂಚದಿಂದ ಕ್ಷೌರಿಕ, "ನನ್ನ ಹಣೆ ಅಷ್ಟು ಅಗ್ಗಾನಾ ನಿಂಗೆ?" ಎಂದ.

ಮೇಸ್ತ್ರಿ ಎರಡೇ ದಿನದಲ್ಲಿ ಠಾಣೆಯಿಂದ ಹೊರಬಂದ. ಆ ವಾರ ಸಹಿ ಹಾಕಿದವರಲ್ಲಿ ಆರು ಮಂದಿ ಮನೆಗೆ ಬೀಗ ಹಾಕಿ ಊರು ಬಿಟ್ಟರು. ಅವರನ್ನು ದೂರುವ ಯೋಗ್ಯತೆ ನನಗಿಲ್ಲ. ನಲವತ್ತಾರರಲ್ಲಿ ಆರು ಹೋದರೆ ಉಳಿಯುವುದು ಸರಿಯಾಗಿ ನಲವತ್ತು. ಐದನೆಯ ತರಗತಿಯ ಆ ಲೆಕ್ಕವನ್ನು ಗಿರಣಿ ಅಕ್ಕ ಹಾಸಿಗೆಯಲ್ಲೇ ಮಾಡಿ ಮುಗಿಸಿದ್ದಳು.

ಸಭೆಯ ದಿನ ಮೇಸ್ತ್ರಿ ಕೈಗೆ ಪಟ್ಟಿ ಸುತ್ತಿಕೊಂಡು ಹಿಂದಿನ ಸಾಲಿನಲ್ಲಿ ಕುಳಿತಿದ್ದ. ಹೆಸರು ಕರೆದಾಗಲೆಲ್ಲ ಎದ್ದವರ ಮುಖವನ್ನು ನೋಡಿ ನೋಡಿ ತಲೆಯಾಡಿಸುತ್ತಿದ್ದ. ದರ್ಜಿ ಎಡಗೈ ಎತ್ತಿದ. ನರ್ಸಮ್ಮನ "ಇದ್ದೀನಿ" ಹಲ್ಲಿನ ಸಂದಿಯಲ್ಲಿ ಸಿಳ್ಳೆಯಾಗಿ ಬಂದಿತು. ಹಾಲಿನ ಅಂಗಡಿಯವನನ್ನು ಇಬ್ಬರು ಹಿಡಿದೆತ್ತಿ ನಿಲ್ಲಿಸಿದರು. ನನ್ನ ಸರದಿಗೆ ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದೆ. ಆರು ಹೆಸರುಗಳಿಗೆ ಉತ್ತರ ಬರಲಿಲ್ಲ. ಅಧಿಕಾರಿ ಪ್ರತಿಸಲವೂ ಒಂದು ಗೆರೆ ಎಳೆದ.

ನಲವತ್ತೈದು ಹೆಸರು ಮುಗಿದಾಗ ಎದ್ದು ನಿಂತವರು ಮೂವತ್ತೊಂಬತ್ತು. ಅಧಿಕಾರಿ ತಲೆ ತಗ್ಗಿಸಿಕೊಂಡೇ ಕೊನೆಯ ಹೆಸರು ಓದಿದ. ಮುಂದಿನ ಸಾಲಿನಲ್ಲಿದ್ದ ಗಿರಣಿ ಅಕ್ಕ ಅಲ್ಲಾಡಲಿಲ್ಲ. ಇನ್ನೊಮ್ಮೆ ಓದಿದ. ಮೇಸ್ತ್ರಿ ಕುರ್ಚಿಯಲ್ಲಿ ಹಿಂದಕ್ಕೊರಗಿ ಕಾಲು ಚಾಚಿದ. ಅಧಿಕಾರಿ ಗೆರೆ ಎಳೆಯಲು ಲೇಖನಿ ಊರಿದ.

ಹಿಂದೆ ಕುಳಿತಿದ್ದ ನರ್ಸಮ್ಮ ಅವಳ ಬಲಭುಜ ಮುಟ್ಟಿ, ಕಿವಿಗೆ ಬಾಗಿ, "ಏಳಮ್ಮ, ನಿನ್ನ ಸರದಿ" ಎಂದಳು.

ಅವಳು ಪಕ್ಕೆ ಹಿಡಿದುಕೊಂಡು ಎದ್ದಳು. "ಇದ್ದೀನಿ" ಎಂದು ಗಿರಣಿಯ ದನಿಯಲ್ಲಿ ಕೂಗಿದ್ದಕ್ಕೆ ಅಧಿಕಾರಿಯ ಲೇಖನಿ ಮೇಜಿನಿಂದ ಉರುಳಿತು. ತನ್ನ ದನಿ ಎಷ್ಟು ದೊಡ್ಡದೆಂದು ಅವಳಿಗೇ ತಿಳಿಯಲಿಲ್ಲ.

ತಿಂಗಳೊಳಗೆ ಕಂಬಗಳು ಬಂದವು. ನೆಟ್ಟ ವಾರದಲ್ಲೇ ಲಾರಿಯೊಂದು ಬೇಕೆಂದೇ ಗುದ್ದಿತು. ಆ ಕಂಬ ಈಗಲೂ ವಾಲಿಕೊಂಡಿದೆ, ಮುರಿದಿಲ್ಲ. ಗಿರಣಿಯ ಮೊಳೆಯಲ್ಲಿ ಹಾಳೆ ಇದೆ, ನಂಬರ್ ಕೂಗುವುದೂ ನಿಂತಿಲ್ಲ. "ಬಂದೆ ಅಕ್ಕ" ಎಂಬ ಉತ್ತರ ಮಾತ್ರ ಅವಳಿಗೆ ಕೇಳಿಸುವುದಿಲ್ಲ. ಅದಕ್ಕೇ ಸರದಿ ಬಂದವರು ಡಬ್ಬ ಕೆಳಗಿಟ್ಟು, ಅವಳ ಬಲಭುಜ ಮುಟ್ಟಿ ನಿಲ್ಲುತ್ತಾರೆ.