ಗುಡ್ಡದ ಕೊರಕಲಿನಲ್ಲಿ ಸಿಕ್ಕ ಗೌರಿಯ ಪತ್ರಿ

ನಾನು ಚಿಕ್ಕವನಿದ್ದಾಗ ಪುಣೆಯ ನಮ್ಮ ಮನೆಗೆ ಒಂದು ಶ್ರಾವಣ ಭಾರೀ ಗಡಿಬಿಡಿಯಲ್ಲಿ ಬಂತು ಮಕ್ಕಳೇ. ಅಕ್ಕನ ಮದುವೆಯಾದ ವರ್ಷ ಅದು. ಅಂದು ಸೋಮವಾರ; ಮರುದಿನವೇ ಅವಳ ಮೊದಲ ಮಂಗಳಗೌರಿ ಪೂಜೆ, ನೋಡಲು ಅವಳ ಅತ್ತೆಯವರು ಬರುವವರು. ಗೌರಿಗೆ ಬಗೆಬಗೆಯ ಗಿಡಗಳ ಎಲೆ, ಅಂದರೆ ಪತ್ರಿ, ಏರಿಸಬೇಕು. ಪೇಟೆಯ ಬಾಡಿದ ಕಟ್ಟು ಬೇಡ, ಕೈಯಾರೆ ಕಿತ್ತದ್ದೇ ಆಗಬೇಕು ಎಂದು ಅಕ್ಕ ಹಟ ಹಿಡಿದಳು. ಅಪ್ಪ ರಜೆ ಹಾಕಿದ. ಮೂವರೂ ಲೋಕಲ್ ರೈಲು ಹತ್ತಿ ಲೋಣಾವಳಾಕ್ಕೆ ಹೊರಟೆವು. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ!

ಅಪ್ಪ ವಿಜಯಪುರದ ಕಡೆಯವನು. ಅಲ್ಲಿಯ ಎರೆಭೂಮಿ ಚಾಪೆ ಹಾಸಿದಷ್ಟು ಸಪಾಟು. ಒಂದು ಹೊಲದ ಮಣ್ಣು ಕಂಡರೆ ಊರ ಮಣ್ಣೆಲ್ಲ ಕಂಡಂತೆ. ಗುಡ್ಡವೂ ಹಾಗೇ ಎಂದುಕೊಂಡ. "ಸೀದಾ ತುದೀಗೆ ಹೋಗೂಣು. ಅಲ್ಲೆ ಬಯಲದ, ಭಾಳ ಗಿಡ ಸಿಗತಾವ" ಎಂದು ನಮ್ಮನ್ನು ಮಳೆಯಲ್ಲೇ ಹತ್ತಿಸಿದ.

ತುದಿಯಲ್ಲಿ ಏನಿತ್ತು? ಕರಿ ಬಂಡೆ! ಅದರ ಮೇಲೆ ಬೆರಳ ದಪ್ಪದ ಮಣ್ಣು, ನಿಂತ ನೀರು, ಹುಲ್ಲು, ಸಾಸಿವೆಯಷ್ಟು ನೀಲಿ ಹೂ. ಚೆಂದವೇನೋ ಚೆಂದ, ಆದರೆ ಪತ್ರಿಗೆ ಸಿಕ್ಕಿದ್ದು ಗರಿಕೆ ಮಾತ್ರ. ಅಕ್ಕನ ಕಣ್ಣು ತುಂಬಿತು. "ನಾಳೆ ಅತ್ತೆಯಾರ ಮುಂದ ಬರೇ ಹುಲ್ಲು ಇಡಲೇನಪ್ಪಾ?" ಅಪ್ಪ ಪೆಚ್ಚಾಗಿ ತೊಯ್ದ ಟೋಪಿ ಹಿಂಡುತ್ತ ನಿಂತ.

ಸಪ್ಪೆ ಮುಖ ಹಾಕಿಕೊಂಡು ಇಳಿಯತೊಡಗಿದೆವು. ಇಳಿಜಾರಿನ ಕೆಂಪು ಕಲ್ಲುಮಣ್ಣಿನಲ್ಲಿ ಮೊಣಕಾಲೆತ್ತರದ ಪೊದೆಗಳು ಶುರುವಾದವು. ಅಲ್ಲಿ ಪತ್ರಿಗೆ ಬೇಕಾದ ಉತ್ತರಾಣಿ ಸಿಕ್ಕಿತು. ಅಕ್ಕ ಕಣ್ಣೊರೆಸಿಕೊಂಡಳು, ಸೆರಗು ಸಿಕ್ಕಿಸಿ ಕೆಳಗಿನ ಕೊರಕಲಿಗೆ ಇಳಿದೇಬಿಟ್ಟಳು. ಅವಳ ಬೆನ್ನಿಗೇ ನಾವು. ಅಬ್ಬಾ! ಕಾಲು ಹೂಳುವ ಕಪ್ಪು ಮಣ್ಣು, ಕೊಳೆತ ಎಲೆಗಳ ವಾಸನೆ, ಆಕಾಶ ಮುಚ್ಚುವ ಮರಗಳು. ಅತ್ತಿ, ಮಾವು, ನೇರಳೆ, ಕಾಡುಮಲ್ಲಿಗೆ ಬಳ್ಳಿ! ಅಕ್ಕ ಒಂದೊಂದು ಎಲೆಯನ್ನೂ ಮೂಸಿ ಮೂಸಿ ಚೀಲಕ್ಕೆ ಹಾಕಿದಳು.

ಅಪ್ಪ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಕೂಗಿದ: "ಮಳಿ ಮ್ಯಾಲಿನ ಮಣ್ಣೆಲ್ಲಾ ತೊಳದು ತಂದು ಇಲ್ಲೆ ಕೂಡಿಸೇದ! ಗಿಡಾನೂ ಅದರ ಬೆನ್ನ ಹತ್ತಿ ಬಂದಾವ. ಒಂದ ಗುಡ್ಡದಾಗ ಎಷ್ಟ್ ಊರಿನ ಮಣ್ಣ ಅದಲೇ!"

ಮರುದಿನ ತುದಿಯ ಗರಿಕೆ, ಇಳಿಜಾರಿನ ಉತ್ತರಾಣಿ, ಕೊರಕಲಿನ ಅತ್ತಿ ಎಲ್ಲ ಗೌರಿಯ ಮುಂದೆ ಒಟ್ಟಿಗೇ ಕೂತವು. "ಇಷ್ಟೆಲ್ಲಾ ಎಲ್ಲಿಂದ ತಂದ್ಯವಾ?" ಎಂದು ಅತ್ತೆಯವರು ಬೆರಗಾದರು. "ಒಂದ ಗುಡ್ಡದಿಂದರಿ" ಎಂದಳು ಅಕ್ಕ, ಗತ್ತಿನಿಂದ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಹೇಳತೀರದು.

ಈಗ ನಿಮಗೆ ಮೊಬೈಲ್ ಒತ್ತಿದರೆ ಪತ್ರಿ ಬಾಗಿಲಿಗೇ ಬರುತ್ತದೆ. ಪಿಂಪ್ರಿಯ ನಿಮ್ಮ ಬಾಲ್ಕನಿಯ ಕುಂಡಗಳಿಗೆಲ್ಲ ಒಂದೇ ಚೀಲದ ಮಣ್ಣು. ನನ್ನದೇನೂ ತಕರಾರಿಲ್ಲ. ಆದರೆ ಮೊನ್ನೆ ಪ್ಯಾಕೆಟ್ ಬಿಚ್ಚುವಾಗ ನಿಮ್ಮಲ್ಲೊಬ್ಬಳು ಅತ್ತಿಯ ಎಲೆ ಮೂಸಿ, "ಅಜ್ಜಾ, ಇದು ಎಂಥಾ ಮಣ್ಣಾಗ ಬೆಳೀತದ?" ಎಂದಳು. ಅದೇ ಕಪ್ಪು ಮಣ್ಣಿನ ವಾಸನೆ ನನ್ನ ಮೂಗಿಗೆ ಬಡಿಯಿತು.

"ಬೂಟು ಹಾಕ್ಕೋ, ಲೋಕಲ್ ಹಿಡಿಯೂಣು" ಎಂದೆ. "ಈ ಸಲ ತುದೀಗೆ ಅಲ್ಲ, ಸೀದಾ ಕೊರಕಲಿಗೆ!"