ಇನ್ನೂ ಐವತ್ತೊಂದು ಕಿಲೋಮೀಟರ್ ಹೋಗುತ್ತದೆ ಎಂದ ಟ್ರಿಪ್ ಕಂಪ್ಯೂಟರ್

2023ರಲ್ಲಿ ನಾನು ದಾವಣಗೆರೆಯ ಒಂದು ಐಟಿಐಯಲ್ಲಿ ಆಟೋ ಎಲೆಕ್ಟ್ರಿಕಲ್ ವಿಭಾಗದ ಬೋಧಕಿಯಾಗಿ ನಿವೃತ್ತಳಾಗಿ, ಎಸ್.ಎಸ್. ಬಡಾವಣೆಯ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಸಣ್ಣಪುಟ್ಟ ರಿಪೇರಿ ಮಾಡಿಕೊಂಡಿದ್ದೆ. ಇಪ್ಪತ್ತೆಂಟು ವರ್ಷ ವೈರಿಂಗ್ ಕಲಿಸಿದವಳಿಗೆ ಕೈಕಟ್ಟಿ ಕೂರುವುದು ಆಗದ ಮಾತು. ಮೊದಲೇ ನನಗೆ ಮೂಗಿನ ತುದಿಯಲ್ಲಿ ಸಿಟ್ಟು. ಆ ವರ್ಷ ಒಪ್ಪಿಕೊಂಡ ಒಂದು ಕೆಲಸ ಅದನ್ನು ಮೂರು ತಿಂಗಳು ಕೆಳಗಿಳಿಯಲು ಬಿಡಲಿಲ್ಲ.

ಕೆಲಸ ತಂದವರು ಹರಿಹರದ ಹಾಲೇಶಪ್ಪನವರು. ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು, ವಯಸ್ಸು ಎಪ್ಪತ್ತು ದಾಟಿತ್ತು. ಅವರದು 1984ರ ಪೆಟ್ರೋಲ್ ಅಂಬಾಸಿಡರ್. ಹೆಂಡತಿ ಶಾಂತಮ್ಮನವರಿಗೆ ಎರಡೂ ಕಿಡ್ನಿ ಸೋತಿದ್ದವು. ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಡಯಾಲಿಸಿಸ್. ತಡವಾದರೆ ಆ ಮೆಷಿನ್ ಸರದಿಯಲ್ಲಿ ಮುಂದಿನವರಿಗೆ ಹೋಗುತ್ತದೆ.

ಗಾಡಿಯ ಪೆಟ್ರೋಲ್ ಮುಳ್ಳು ಸತ್ತು ಎಷ್ಟೋ ವರ್ಷವಾಗಿತ್ತು. ಟ್ಯಾಂಕಿನ ಮೇಲಿನ ಬೆಸುಗೆ ಸೋರುತ್ತಿದ್ದರಿಂದ ಅವರು ಎಂದೂ ಫುಲ್ ಟ್ಯಾಂಕ್ ಮಾಡಿಸುತ್ತಿರಲಿಲ್ಲ. ಐದೈದು ಲೀಟರ್ ಹಾಕಿಸಿ ಅಂದಾಜಿನ ಮೇಲೆ ಓಡಿಸುವುದು. ಒಮ್ಮೆ ಅಂದಾಜು ತಪ್ಪಿ ಗಾಡಿ ದಾರಿಯಲ್ಲೇ ನಿಂತಿತ್ತು. ಶಾಂತಮ್ಮನವರನ್ನು ಯಾರದೋ ಟಿಪ್ಪರಿನಲ್ಲಿ ಕೂರಿಸಿ ಆಸ್ಪತ್ರೆಗೆ ಕಳಿಸಿದ್ದರಂತೆ.

"ಟ್ಯಾಂಕಿನೊಳಗೆ ಹೊಸ ಫ್ಲೋಟ್ ಹಾಕ್ತೀನಿ, ಮುಳ್ಳು ಕೆಲಸ ಮಾಡುತ್ತೆ" ಎಂದೆ.

"ಮುಳ್ಳು ಬ್ಯಾಡ್ರಿ ಮೇಡಂ. ಅದು ಗುಂಡಿ ಬಂದಾಗೆಲ್ಲ ಕುಣಿತೈತೆ. ಇನ್ನ ಎಷ್ಟು ಕಿಲೋಮೀಟರ್ ಹೋಗ್ತೈತೆ ಅಂತ ನಂಬರ್‌ನಾಗ ತೋರಿಸಂಗ ಮಾಡ್ರಿ. ನನ್ನ ಅಳಿಯನ ಕಾರಿನಾಗ ಐತೆ" ಎಂದರು.

ಅವರು ಕೇಳಿದ್ದು ಟ್ರಿಪ್ ಕಂಪ್ಯೂಟರ್. ಗಾಡಿ ಓಡಿದ ದೂರವನ್ನೂ ಸುಟ್ಟ ಪೆಟ್ರೋಲನ್ನೂ ಎಣಿಸಿ, ಲೀಟರಿಗೆ ಎಷ್ಟು ಮೈಲೇಜ್, ಉಳಿದ ಪೆಟ್ರೋಲಿಗೆ ಇನ್ನೆಷ್ಟು ದೂರ ಎಂದು ಹೇಳುವ ಡಬ್ಬಿ. ಹೊಸ ಕಾರುಗಳಲ್ಲಿ ಎಂಜಿನ್ನೇ ಈ ಲೆಕ್ಕವನ್ನೆಲ್ಲ ವೈರಿನಲ್ಲಿ ಕಳಿಸುತ್ತದೆ. ಕಾರ್ಬುರೇಟರ್ ಗಾಡಿಗೆ ಅಂಥ ಭಾಗ್ಯವಿಲ್ಲ. ದೂರಕ್ಕೆ ಒಂದು ಸೆನ್ಸರ್, ಪೆಟ್ರೋಲಿಗೆ ಒಂದು ಸೆನ್ಸರ್ ನಾನೇ ಕೂರಿಸಬೇಕು.

ಡಬ್ಬಿ ತರಿಸಿದೆ. ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿಗೆ ಎರಡು ಮ್ಯಾಗ್ನೆಟ್ ಕಟ್ಟಿ, ಪಕ್ಕದಲ್ಲಿ ದೂರದ ಸೆನ್ಸರ್ ಇಟ್ಟೆ. ಪೆಟ್ರೋಲ್ ಪಂಪಿಗೂ ಕಾರ್ಬುರೇಟರಿಗೂ ನಡುವಿನ ಪೈಪಿನಲ್ಲಿ ಫ್ಲೋ ಸೆನ್ಸರ್ ಹಾಕಿದೆ. ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ, ಹತ್ತು ಲೀಟರ್ ಅಳೆದು ಹಾಕಿ, ಅಲ್ಲಿಂದ ಲೆಕ್ಕ ಶುರು. ಆಮೇಲೆ ಹಾಕಿಸಿದ ಪ್ರತಿ ಐದು ಲೀಟರನ್ನೂ ಹಾಲೇಶಪ್ಪನವರು ಡಬ್ಬಿಯ ಗುಂಡಿ ಒತ್ತಿ ಸೇರಿಸಬೇಕು.

ಎರಡು ದಿನದ ಕೆಲಸ ಅಂದುಕೊಂಡಿದ್ದೆ. ಮೊದಲ ಓಟದಲ್ಲೇ ಹಾರ್ನ್ ಒತ್ತಿದರೆ ಡಬ್ಬಿ ಸೊನ್ನೆಗೆ ಬರತೊಡಗಿತು. ನಮ್ಮ ರಸ್ತೆಗಳಲ್ಲಿ ಹಾರ್ನ್ ಒತ್ತದೆ ಗಾಡಿ ಓಡಿಸುವುದುಂಟೇ? ಡಬ್ಬಿಯ ಅರ್ತ್ ವೈರು ಬಾಡಿಯ ಕಬ್ಬಿಣ ಮುಟ್ಟದೆ ನಾಲ್ಕು ಪದರ ಪೇಂಟಿನ ಮೇಲೆ ಕೂತಿತ್ತು. ಅದನ್ನು ಹುಡುಕಿ, ಕೆರೆದು, ಬ್ಯಾಟರಿಯಿಂದಲೇ ಹೊಸ ವೈರು ಎಳೆಯುವುದರಲ್ಲಿ ಒಂದು ವಾರ ಹೋಯಿತು. ಡಬ್ಬಿಯ ಜೊತೆ ಬಂದ ಕೈಪಿಡಿಯನ್ನು ಬರೆದವನು ಎದುರಿಗಿದ್ದಿದ್ದರೆ ಎರಡು ಬಿಡುತ್ತಿದ್ದೆ.

ನಂತರ ಶುರುವಾದದ್ದೇ ನಿಜವಾದ ತಲೆನೋವು. ಹಾಲೇಶಪ್ಪನವರು ನೋಟ್‌ಬುಕ್ ಇಡುವ ಮನುಷ್ಯ. ಓಡೋಮೀಟರಿನ ದೂರ, ಹಾಕಿಸಿದ ಲೀಟರು ಎಲ್ಲ ಬರೆದು, "ನಮ್ಮ ಗಾಡಿ ಲೀಟರಿಗೆ ಹನ್ನೊಂದು ಕೊಡ್ತೈತೆ. ನಿಮ್ಮ ಡಬ್ಬಿ ಒಂಬತ್ತೂವರೆ ಅಂತೈತೆ. ಯಾವುದ್ರಿ ಖರೆ?" ಎಂದು ಕೇಳಿದರು.

ನಾನು ಒಂದು ಮಂಗಳವಾರ ಹರಿಹರಕ್ಕೇ ಹೋಗಿ ಅವರ ಗಾಡಿ ಹತ್ತಿದೆ. ಶಾಂತಮ್ಮನವರೂ ಇದ್ದರು. ಲಾರಿಗಳ ಭಯಕ್ಕೆ ಹಾಲೇಶಪ್ಪನವರು ಹೆದ್ದಾರಿ ಬಿಟ್ಟು ಕೊಂಡಜ್ಜಿ ಗುಡ್ಡದ ದಾರಿಯಲ್ಲಿ ಸುತ್ತಿ ಬರುತ್ತಿದ್ದರು. ದಾರಿಯುದ್ದಕ್ಕೂ ಡಬ್ಬಿಯ ದೂರವನ್ನೂ ಓಡೋಮೀಟರನ್ನೂ ತಾಳೆ ನೋಡಿದೆ. ನೂರು ಮೀಟರೂ ಹೆಚ್ಚುಕಮ್ಮಿ ಇಲ್ಲ. ಶುಕ್ರವಾರ ಮತ್ತೆ ಹೋದೆ. ಅಂದೂ ಹಾಗೆಯೇ.

ದೂರ ಸರಿ ಇದೆ ಎಂದಮೇಲೆ ತಪ್ಪು ಪೆಟ್ರೋಲಿನ ಲೆಕ್ಕದಲ್ಲೇ ಇರಬೇಕು. ಫ್ಲೋ ಸೆನ್ಸರನ್ನು ಕೂರಿಸುವ ಮುಂಚೆ ಒಂದು ಲೀಟರ್ ಬಾಟಲಿ ಹಿಡಿದು ಪರೀಕ್ಷಿಸಿದ್ದೆ, ಆಗ ಸರಿಯಾಗಿಯೇ ಎಣಿಸಿತ್ತು. ಆದರೆ ಹಳೆಯ ಪಂಪು ಪೆಟ್ರೋಲನ್ನು ಸಮನಾಗಿ ಕಳಿಸದೆ ತಳ್ಳಿ ತಳ್ಳಿ ಕಳಿಸುತ್ತದೆ. ಆ ತಳ್ಳಾಟದಲ್ಲಿ ಸೆನ್ಸರ್ ಹೆಚ್ಚು ಎಣಿಸುವುದುಂಟು. ಪುಸ್ತಕದಲ್ಲಿರುವ ಮಾತು, ನಾನೇ ಪಾಠ ಮಾಡಿದ ಮಾತು. ಸೆಟ್ಟಿಂಗಿಗೆ ಹೋಗಿ ಪೆಟ್ರೋಲಿನ ಎಣಿಕೆಯನ್ನು ನೂರಕ್ಕೆ ಹದಿನಾಲ್ಕರಷ್ಟು ಇಳಿಸಿದೆ. ಮುಂದಿನ ವಾರ ಡಬ್ಬಿ ಹನ್ನೊಂದು ತೋರಿಸಿತು. ಹಾಲೇಶಪ್ಪನವರು ಖುಷಿಯಾಗಿ ಒಂದು ಕೊಟ್ಟೆ ಖಾರ ಮಂಡಕ್ಕಿ ತಂದುಕೊಟ್ಟರು. ನಾನೂ ಗೆದ್ದೆ ಅಂದುಕೊಂಡೆ.

ಎಣಿಕೆ ಇಳಿಸಿದ ಐದನೇ ವಾರದ ಶುಕ್ರವಾರ ಬೆಳಿಗ್ಗೆ ಏಳೂಮುಕ್ಕಾಲಿಗೆ ಫೋನ್ ಬಂತು. "ಮೇಡಂ, ಕೊಂಡಜ್ಜಿ ದಾಟಿ ಗಾಡಿ ನಿಂತೈತ್ರಿ. ಇನ್ನೂ ಐವತ್ತೊಂದು ಕಿಲೋಮೀಟರ್ ಅಂತ ತೋರಿಸ್ತೈತೆ. ಟ್ಯಾಂಕಿನಾಗ ಕೋಲು ಬಿಟ್ಟು ನೋಡಿದ್ರ ತುದೀನೂ ಹಸಿ ಆಗಲಿಲ್ಲ."

ಕ್ಯಾನಿನಲ್ಲಿ ಪೆಟ್ರೋಲ್ ಹಿಡಿದು ಸ್ಕೂಟರಿನಲ್ಲಿ ಹೊರಟೆ. ನಾನು ಮುಟ್ಟಿ, ಗಾಡಿ ಚಾಲೂ ಆಗಿ, ಆಸ್ಪತ್ರೆ ಸೇರುವಾಗ ಒಂಬತ್ತೂವರೆ. ಮೆಷಿನ್ ಬೇರೆಯವರಿಗೆ ಹೋಗಿತ್ತು. ನರ್ಸು ನಾಳೆ ಬನ್ನಿ ಎಂದರು. ಆದರೆ ಸಂಜೆಯ ಹೊತ್ತಿಗೇ ಶಾಂತಮ್ಮನವರಿಗೆ ಕಾಲು ಮುಖ ಬಾತು, ಉಸಿರಾಡಲು ಕಷ್ಟವಾಗಿ, ಆಂಬುಲೆನ್ಸಿನಲ್ಲಿ ಅದೇ ಆಸ್ಪತ್ರೆಗೆ ತಂದು ಸೇರಿಸಬೇಕಾಯಿತು. ನನಗೆ ಊಟ ಸೇರಲಿಲ್ಲ. ಒಂದು ದರಿದ್ರ ಡಬ್ಬಿಯ ಸಹವಾಸಕ್ಕೆ ಬಿದ್ದು ಒಂದು ಜೀವಕ್ಕೆ ಕುತ್ತು ತಂದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಮರುದಿನ ಮಧ್ಯಾಹ್ನ ನೋಡಲು ಹೋದೆ. ಡಯಾಲಿಸಿಸ್ ಮುಗಿದು ಶಾಂತಮ್ಮನವರು ದಿಂಬಿಗೆ ಒರಗಿ ಕೂತಿದ್ದರು. ಹಾಲೇಶಪ್ಪನವರು ಔಷಧಿ ತರಲು ಹೋಗಿದ್ದರು. ಕ್ಷಮೆ ಕೇಳಿದೆ. "ದೂರ ನಾನೇ ಎರಡು ಸಲ ನೋಡಿದ್ದೆ ಅಮ್ಮ, ಸರಿ ಇತ್ತು. ಎಲ್ಲಿ ತಪ್ಪಿತು ಅಂತ ಗೊತ್ತಾಗ್ತಿಲ್ಲ" ಎಂದೆ.

"ನೀವು ಕುಂತಾಗ ಅವರು ಗಾಡಿ ಆಫ್ ಮಾಡಲ್ರಿ" ಎಂದರು ಶಾಂತಮ್ಮನವರು.

"ಅಂದ್ರೆ?"

"ಇಳಿಜಾರು ಬಂದ್ರ ನ್ಯೂಟ್ರಲ್ ಮಾಡಿ ಚಾವಿ ತಿರುವಿಬಿಡ್ತಾರೆ. ಗಾಡಿ ಹಂಗೇ ಉರುಳಿಕೊಂಡು ಹೋಗ್ತೈತೆ. ಪೆಟ್ರೋಲ್ ಉಳಿತೈತೆ ಅಂತಾರೆ. ಮೊದಲಿಂದ್ಲೂ ಹಂಗೇ. ಮೇಡಂ ಇದ್ದಾರೆ, ಬೈತಾರೆ ಅಂತ ನಿಮ್ಮ ಮುಂದ ಮಾಡಲಿಲ್ಲ."

ನಿಂತಲ್ಲೇ ಎಲ್ಲ ತಿಳಿಯಿತು. ಡಬ್ಬಿಗೆ ಕರೆಂಟ್ ಬರುವುದು ಇಗ್ನಿಷನ್ ಚಾವಿಯಿಂದ. ಚಾವಿ ತಿರುವಿದರೆ ಡಬ್ಬಿಯೂ ನಿದ್ದೆ. ಗುಡ್ಡದ ಇಳಿಜಾರಿನಲ್ಲಿ ಉರುಳಿದ ದೂರವನ್ನೆಲ್ಲ ಕೇಬಲ್ಲಿನ ಓಡೋಮೀಟರ್ ಎಣಿಸುತ್ತಿತ್ತು, ಡಬ್ಬಿ ಎಣಿಸುತ್ತಿರಲಿಲ್ಲ. ಪೆಟ್ರೋಲಿನ ಲೆಕ್ಕ ಮೊದಲಿನಿಂದಲೂ ಸರಿಯಾಗಿಯೇ ಇತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ನಾನು ಫ್ಲೋ ಸೆನ್ಸರಿನ ಮೇಲೆ ತಪ್ಪು ಹೊರಿಸಿ, ಸುಟ್ಟ ಪೆಟ್ರೋಲನ್ನು ಕಡಿಮೆ ಎಣಿಸುವಂತೆ ಮಾಡಿದ್ದೆ. ಆಸ್ಪತ್ರೆಗೆ ಹೋಗಿಬಂದ ಪ್ರತಿ ಸಲವೂ ಅರ್ಧ ಲೀಟರಿನಷ್ಟು ಇಲ್ಲದ ಪೆಟ್ರೋಲ್ ಡಬ್ಬಿಯಲ್ಲಿ ಸೇರುತ್ತಾ ಹೋಗಿತ್ತು. ಎಂದಾದರೂ ಟ್ಯಾಂಕ್ ತುಂಬಿಸಿದ್ದರೆ, ಡಬ್ಬಿ ಹೇಳಿದ್ದಕ್ಕಿಂತ ಹೆಚ್ಚು ಪೆಟ್ರೋಲ್ ಹಿಡಿದು ಗುಟ್ಟು ರಟ್ಟಾಗುತ್ತಿತ್ತು, ಸೋರುವ ಟ್ಯಾಂಕನ್ನು ತುಂಬಿಸುವವರು ಯಾರು? ನಾನು ಕೈಹಾಕುವ ಮುಂಚೆ ಡಬ್ಬಿ ಸ್ವಲ್ಪ ಕಡಿಮೆಯನ್ನೇ ಹೇಳುತ್ತಿತ್ತು, ಅದನ್ನು ನಂಬಿದವರು ದಾರಿಯಲ್ಲಿ ನಿಲ್ಲುತ್ತಿರಲಿಲ್ಲ.

"ಮೊದಲೇ ಯಾಕೆ ಹೇಳಲಿಲ್ಲಮ್ಮ?" ಎಂದೆ. ನನ್ನ ದನಿಯಲ್ಲಿ ಸಿಟ್ಟೂ ಇತ್ತು.

"ನನ್ನ ಯಾರು ಕೇಳಿದ್ರಿ?" ಎಂದರು ಶಾಂತಮ್ಮ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಸೋಮವಾರ ಪೆಟ್ರೋಲಿನ ಎಣಿಕೆಯನ್ನು ಮೊದಲಿನಂತೆ ಮಾಡಿ, ಡಬ್ಬಿಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟೆ. ಸೋರುವ ಟ್ಯಾಂಕನ್ನು ಬಿಚ್ಚಿಸಿ ಬೆಸುಗೆ ಹಾಕಿಸಿದೆ. ಚಾವಿ ತಿರುವುವ ಚಟಕ್ಕೆ ಹಾಲೇಶಪ್ಪನವರನ್ನು ಚೆನ್ನಾಗಿ ಬೈದೆ. ಅವರು ತಲೆ ತಗ್ಗಿಸಿ ಕೇಳಿದರು, ಆದರೆ ಬಿಟ್ಟಿದ್ದಾರೆ ಎಂದು ನನಗೆ ನಂಬಿಕೆಯಿಲ್ಲ.

ಐಟಿಐಗೆ ಬಂದ ತಪಾಸಣೆಯವರು, ಬಿಡಿಭಾಗ ಮಾರುವವರು, ಹುಡುಗರ ತಂದೆಯರು, ವರ್ಕ್‌ಶಾಪಿನಲ್ಲಿ ಸ್ಪ್ಯಾನರ್ ಹಿಡಿದು ನಿಂತ ನನ್ನನ್ನು ದಾಟಿ ನೋಡುತ್ತಾ "ಸರ್ ಎಲ್ಲಿ?" ಎಂದು ಕೇಳುತ್ತಿದ್ದರು. ಇಪ್ಪತ್ತೆಂಟು ವರ್ಷವೂ ಆ ಮಾತಿಗೆ ಉರಿದಿದ್ದೇನೆ. ಅಂಥವಳು ಮಾಡಿದ್ದೇನು? ಹರಿಹರದಿಂದ ಬಂದ ಆ ಎರಡು ಸಲವೂ ಡಬ್ಬಿ ಕಾಣಲಿ ಎಂದು ಶಾಂತಮ್ಮನವರನ್ನು ಮುಂದಿನ ಸೀಟಿನಿಂದ ಎಬ್ಬಿಸಿ ಹಿಂದೆ ಕೂರಿಸಿ, ದಾರಿಯುದ್ದಕ್ಕೂ ಅವರ ಗಂಡನನ್ನೇ ಪ್ರಶ್ನೆ ಕೇಳಿದೆ. ಆ ಗಾಡಿಯ ಪ್ರತಿ ಓಟದಲ್ಲೂ ಕಣ್ಣು ಬಿಟ್ಟುಕೊಂಡು ಕೂತಿದ್ದವರು ಅವರು. ಈಗ ಯಾರದೇ ಗಾಡಿ ಶೆಡ್ಡಿಗೆ ಬರಲಿ, ಓಡಿಸುವವರ ಮಾತು ಮುಗಿದ ಮೇಲೆ ನಾನು ಸುತ್ತಿಕೊಂಡು ಹೋಗಿ ಇನ್ನೊಂದು ಕಡೆಯ ಕಿಟಕಿ ತಟ್ಟುತ್ತೇನೆ.